ಮೇಕೆಮರಿಗೆ ಬಂದ ಮಾವ

ಇವತ್ತು ಮಹಾರಾಷ್ಟ್ರದ ನಮ್ಮೂರು ಓಝರ್‌ನ ಔಷಧದಂಗಡಿಯಲ್ಲಿ ಗಾಯ ತೊಳೆಯುವ ನೇರಳೆ ಪುಡಿ ಕಂಡು ನಕ್ಕುಬಿಟ್ಟೆ.

ನಾವು ಚಿಕ್ಕವರಿದ್ದಾಗ, ಬೀದರಿನಿಂದ ಇಲ್ಲಿಗೆ ಹೊಸದಾಗಿ ಬಂದಿದ್ದ ಅವ್ವ ಹಿತ್ತಲಲ್ಲಿ ಮೇಕೆ ಸಾಕಿದ್ದಳು. ಒಂದು ಮರಿ ತುಟಿಯೆಲ್ಲ ಹುಣ್ಣಾಗಿ ಹಾಲು ಕುಡಿಯದಾಯಿತು. ದನದ ಡಾಕ್ಟರು ನೋಡಿ, "ಮಾವಾ ಆಲಾಯ್" ಎಂದರು. ಅವ್ವ ಗಡಬಡಿಸಿ ತಲೆ ಮೇಲೆ ಸೆರಗೆಳೆದುಕೊಂಡಳು. "ಅಯ್ಯ, ಮಾವಾರು ಬಂದ್ರಾ?"

"ನಮ್ಮಪ್ಪ ಅಲ್ಲ, ಮರಾಠಿಯೊಳಗ ಈ ರೋಗಕ್ಕ ಮಾವಾ ಅಂತಾರ. ಬರಿಗೈಲೆ ಮುಟ್ಟಬ್ಯಾಡ, ನಿನಗೂ ಹತ್ತತದ," ಎಂದು ಅಪ್ಪ ನಕ್ಕ.

ಅವ್ವ ಮರಿಯನ್ನು ಬೇರೆ ಕಟ್ಟಿದಳು. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ದಿನಾ ನೇರಳೆ ನೀರಿನಲ್ಲಿ ಹುಣ್ಣು ತೊಳೆದು, ಚಮಚದಲ್ಲಿ ಹಾಲು ಕುಡಿಸಿದಳು. ಮರಿ ಉಳಿಯಿತು.

ಮುಂದೊಮ್ಮೆ ಅಜ್ಜ ನಿಜವಾಗಿಯೂ ಬಂದಾಗ ಅವ್ವ "ಮಾವಾರು ಬಂದ್ರು!" ಎಂದು ಕೂಗಿದಳು. ನಾವು ಮಕ್ಕಳೆಲ್ಲ ಹಿತ್ತಲಿಗೆ ಓಡಿ ಮರಿಗಳ ಬಾಯಿ ನೋಡಿದೆವು.

ಯಾಕೆ ನಕ್ಕಿರೆಂದು ಅಂಗಡಿಯವನು ಕೇಳಿದ. ಮರಾಠಿಯಲ್ಲಿ ಹೇಳಿದರೆ ನಗು ಬರುವುದಿಲ್ಲ.