ಮಕ್ಕಳಿಲ್ಲದವನ ಹಾಲ್ಟ್ ಡ್ಯೂಟಿ

ಇದನ್ನು ಬರೆಯಲು ಹೊರಟದ್ದು ಇದೇ ಮೊದಲ ಸಲವಲ್ಲ. ಪ್ರತಿ ಸಲವೂ ಏನಾದರೊಂದು ನೆವ ಒದಗಿ ಬಂದು ನನ್ನನ್ನು ಪಾರು ಮಾಡಿದೆ. ಒಮ್ಮೆ ಕನ್ನಡಕದ ಕಡ್ಡಿ ಮುರಿಯಿತು. ಒಮ್ಮೆ ಮೊಮ್ಮಗಳಿಗೆ ಶೀತವಾಯಿತು. ಇನ್ನೊಮ್ಮೆ ಮೊಮ್ಮಗನಿಗೆ ಲೆಕ್ಕದ ಪರೀಕ್ಷೆ ಬಂತು. ಅವನಿಗೆ ಹೇಳಿಕೊಡುವಷ್ಟು ಲೆಕ್ಕ ನನಗೆ ಬರುವುದಿಲ್ಲ, ನಿಜ. ಆದರೂ ಹುಡುಗ ಪರೀಕ್ಷೆಯ ಚಿಂತೆಯಲ್ಲಿರುವಾಗ ಅಜ್ಜನಾದವನು ನಿಶ್ಚಿಂತೆಯಿಂದ ಬರೆಯುತ್ತಾ ಕೂರುವುದು ಹೇಗೆ? ಮೊನ್ನೆ ಯೋಚಿಸಿ ನೋಡಿದಾಗ ನನಗೇ ನಗು ಬಂತು. ಕನ್ನಡಕವೊಂದನ್ನು ಬಿಟ್ಟರೆ ನನ್ನ ನೆವಗಳೆಲ್ಲ ಮಕ್ಕಳದ್ದೇ. ಇದು ನನ್ನ ಹಳೆಯ ಚಾಳಿ, ಮತ್ತು ನಾನು ಹೇಳಬೇಕಾಗಿರುವುದೂ ಈ ಚಾಳಿಯ ಕತೆಯನ್ನೇ.

ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಮೂಡಬಿದಿರೆಯಲ್ಲಿ ಒಂದು ಖಾಸಗಿ ಬಸ್ಸಿನ ಆಫೀಸು ಸೇರಿದೆ. ನಮ್ಮ ಜಿಲ್ಲೆ ಆಗಷ್ಟೇ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಬಂದು ಸೇರಿತ್ತು. ನಮ್ಮ ಬಸ್ಸುಗಳು ಮಾತ್ರ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಬಂದು ಸೇರುತ್ತಿರಲಿಲ್ಲ. ನನ್ನನ್ನು ಎಲ್ಲರೂ ‘ಏಜೆಂಟ್ರು’ ಎನ್ನುತ್ತಿದ್ದರು. ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಒಂದು ಮೇಜು, ಒಂದು ಸ್ಟೂಲು, ಗೋಡೆಗೆ ಒಂದು ಕರಿಹಲಗೆ. ಯಾವ ಬಸ್ಸಿಗೆ ಯಾವ ಡ್ರೈವರು, ಯಾವ ಕಂಡಕ್ಟರು ಎಂದು ಆ ಹಲಗೆಯ ಮೇಲೆ ಬರೆಯುವುದು ನನ್ನ ಕೆಲಸ. ಸುಣ್ಣದ ಕಡ್ಡಿ ಹಿಡಿದು ಇಷ್ಟು ಜನರ ಹಣೆಬರಹ ಬರೆಯುವ ಅಧಿಕಾರ ಬ್ರಹ್ಮನನ್ನು ಬಿಟ್ಟರೆ ಆ ಸ್ಟ್ಯಾಂಡಿನಲ್ಲಿ ನನಗೊಬ್ಬನಿಗೇ ಇತ್ತು. ಬ್ರಹ್ಮ ಬರೆದದ್ದನ್ನು ಅಳಿಸಲು ಬರುವುದಿಲ್ಲವಂತೆ. ನನ್ನಲ್ಲಿ ಒದ್ದೆ ಬಟ್ಟೆಯೂ ಇತ್ತು.

ಎಲ್ಲ ಡ್ಯೂಟಿಗಳಲ್ಲಿ ಯಾರಿಗೂ ಬೇಡದ್ದು ಹಾಲ್ಟ್ ಬಸ್ಸು. ಅದು ಬಂಟ್ವಾಳದಿಂದ ಹೊರಟು, ಸಂಜೆ ಮೂಡಬಿದಿರೆಗೆ ಬಂದು, ವೇಣೂರು ಬೆಳ್ತಂಗಡಿ ದಾಟಿ, ಘಟ್ಟದ ಬುಡದ ಒಂದು ಹಳ್ಳಿಯನ್ನು ತಲುಪಿ ಅಲ್ಲಿಯೇ ನಿಲ್ಲುತ್ತಿತ್ತು. ಮರುದಿನ ನಸುಕಿಗೆ ಅಲ್ಲಿಂದಲೇ ಮೊದಲ ಟ್ರಿಪ್ಪು. ಡ್ರೈವರಿಗೆ ಮಲಗಲು ಹಿಂದಿನ ಉದ್ದ ಸೀಟು. ಕಂಡಕ್ಟರಿಗೆ ನಡುವಿನ ದಾರಿಯಲ್ಲಿ ಗೋಣಿ ಹಾಸಿಗೆ. ಡ್ರೈವರುಗಳು ಸರದಿಯ ಮೇಲೆ ಹೋಗುತ್ತಿದ್ದರು. ಕಂಡಕ್ಟರುಗಳ ಸರದಿ ಮಾತ್ರ ತಿರುಗುತ್ತಾ ತಿರುಗುತ್ತಾ ಸೇಸಪ್ಪನಲ್ಲಿಗೆ ಬಂದು, ಆ ಬಸ್ಸಿನ ಹಾಗೆಯೇ, ಅಲ್ಲೇ ನಿಂತುಬಿಟ್ಟಿತು.

ಕಾರಣ ಬಹಳ ಸರಳ. ಸೇಸಪ್ಪನಿಗೆ ಮದುವೆಯಾಗಿ ಕೆಲವು ವರ್ಷಗಳಾಗಿದ್ದರೂ ಮಕ್ಕಳಿರಲಿಲ್ಲ. ಉಳಿದ ನಮಗೆಲ್ಲ ಇದ್ದರು, ಧಾರಾಳವಾಗಿ ಇದ್ದರು. ಆಫೀಸು ಸೇರಿ ಹದಿನೈದು ವರ್ಷವಾಗುವಷ್ಟರಲ್ಲಿ ನನಗೇ ಆರು.

ಮಕ್ಕಳಿರುವವನಿಗೆ ಕೆಲಸದ ಜಾಗದಲ್ಲಿ ಏನೆಲ್ಲ ಅನುಕೂಲ ಎಂಬುದು ಮಕ್ಕಳಿಲ್ಲದವರಿಗೆ ತಿಳಿಯುವುದಿಲ್ಲ, ಪಾಪ. ದೀಪಾವಳಿಗೆ ರಜೆ ಬೇಕೇ? ಮಕ್ಕಳ ಕೈಯಲ್ಲಿ ಪಟಾಕಿ ಹೊಡೆಸಬೇಕು. ಜೂನ್ ತಿಂಗಳಲ್ಲಿ ರಜೆ ಬೇಕೇ? ಶಾಲೆಗೆ ಸೇರಿಸಬೇಕು. ತಡವಾಗಿ ಬಂದಿರೇ? ರಾತ್ರಿಯಿಡೀ ಮಗು ಅತ್ತಿತು. ನನ್ನ ಎರಡನೆಯ ಮಗನಿಗೆ ಒಂದೇ ವರ್ಷದಲ್ಲಿ ಮೂರು ಸಲ ದಡಾರ ಎದ್ದಿತು. ಬಸ್ಸಿನ ಧಣಿಗಳು ದೊಡ್ಡ ಮನಸ್ಸಿನವರು, ವೈದ್ಯಶಾಸ್ತ್ರ ಅವರಿಗೆ ತಿಳಿಯದು, ಮೂರು ಸಲವೂ ರಜೆ ಕೊಟ್ಟರು. ನಾಲ್ಕನೆಯ ಸಲ ಕೇಳಲು ನನಗೇ ನಾಚಿಕೆಯಾಗಿ, ದಡಾರವನ್ನು ಮೂರನೆಯ ಮಗನಿಗೆ ವರ್ಗಾಯಿಸಿದೆ.

ಪುರಾಣಗಳಲ್ಲೂ ಹೀಗೆಯೇ ತಾನೆ? ಮೂರು ಲೋಕ ಸುತ್ತಿ ಸುದ್ದಿ ಮುಟ್ಟಿಸುವ ಲೈನು ಯಾರಿಗೆ ಬಿತ್ತು? ಮನೆ ಮಕ್ಕಳಿಲ್ಲದ ಒಬ್ಬ ಋಷಿಗೆ. ಬೇರೆಯವರ ಸಿಂಹಾಸನವನ್ನು ಸಾಯುವತನಕ ಕಾಯುವ ಹಾಲ್ಟ್ ಡ್ಯೂಟಿ? ಮದುವೆಯೇ ಆಗದ ಒಬ್ಬ ಅಜ್ಜನಿಗೆ. ನೂರು ಮಕ್ಕಳಿದ್ದ ಮಹಾರಾಜರು ಕೂತ ಕುರ್ಚಿಯಿಂದ ಎದ್ದದ್ದನ್ನು ನಮ್ಮ ಯಾವ ಯಕ್ಷಗಾನದಲ್ಲೂ ನಾನು ನೋಡಿಲ್ಲ.

ಇನ್ನೊಂದು ತಮಾಷೆ ಇದೆ. ನಮ್ಮ ಕಡೆ ಎಷ್ಟೋ ಮನೆತನಗಳಲ್ಲಿ ಅಳಿಯಕಟ್ಟು. ಅಂದರೆ ಆಸ್ತಿ ಹೋಗುವುದು ಗಂಡಸಿನ ಸ್ವಂತ ಮಕ್ಕಳಿಗಲ್ಲ, ಅವನ ಸೋದರಿಯ ಮಕ್ಕಳಿಗೆ. ಸೇಸಪ್ಪನದೂ ನನ್ನದೂ ಅದೇ ಕಟ್ಟು. ಅವನಿಗೆ ಮಕ್ಕಳಾಗಲಿಲ್ಲ ಎಂದು ಅವನ ಕುಟುಂಬದಲ್ಲಿ ಯಾರ ನಿದ್ದೆಯೂ ಕೆಟ್ಟಿರಲಿಲ್ಲ. ಅಕ್ಕಂದಿರ ಮಕ್ಕಳೇ ಅಂಗಳ ತುಂಬಾ ಇದ್ದರು. ನನ್ನ ಆರೂ ಮಕ್ಕಳಿಗೆ ನನ್ನ ಕುಟುಂಬದ ಆಸ್ತಿಯಲ್ಲಿ ಒಂದು ತೆಂಗಿನಕಾಯಿಯ ಹಕ್ಕೂ ಇರಲಿಲ್ಲ. ಹೀಗೆ ಊರಿಗೆಲ್ಲ ಅಳಿಯಕಟ್ಟು ನಡೆಯುತ್ತಿರುವಾಗ, ನಮ್ಮ ಕರಿಹಲಗೆಯ ಮೇಲೆ ಮಾತ್ರ ನಾನು ಮಕ್ಕಳಕಟ್ಟನ್ನು ಜಾರಿಗೆ ತಂದಿದ್ದೆ.

ಸೇಸಪ್ಪ ಹೆಚ್ಚು ಮಾತಿನವನಲ್ಲ. ಒಂದು ದಿನ ಟಿಕೆಟಿನ ಚೀಲ ಮೇಜಿನ ಮೇಲಿಟ್ಟು ಕೇಳಿದ:

“ಏಜೆಂಟ್ರೇ, ನನ್ನನ್ನು ಸ್ವಲ್ಪ ಸಮಯ ಹಗಲಿನ ಬಸ್ಸಿಗೆ ಹಾಕ್ತೀರಾ? ಸಂಜೆ ಮನೆಗೆ ಹೋಗ್ಲಿಕ್ಕೆ ಆಗುವ ಹಾಗೆ.”

“ಮನೆಗೆ ಹೋಗಿ ನಿನಗೆ ಎಂತ ಉಂಟು ಮಾರಾಯ?”

“ಮನೆಯಲ್ಲಿ ಮನೆಯವಳಿದ್ದಾಳೆ.”

ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಅದೇ ಒಂದು ಒಳ್ಳೆಯ ಉತ್ತರವಾಯಿತೆಂಬಂತೆ ಮರುದಿನ ಪುನಃ ಹಾಲ್ಟ್ ಬಸ್ಸಿನ ಎದುರು ಅವನ ಹೆಸರು ಬರೆದೆ. ಮೂಡಬಿದಿರೆಯ ಹತ್ತಿರದ ಪುತ್ತಿಗೆಯ ಒಂದು ಸಣ್ಣ ಮನೆಯಲ್ಲಿ ಅವರಿಬ್ಬರೇ ಇದ್ದದ್ದು. ವಾರದ ರಜೆಯ ಒಂದು ರಾತ್ರಿ ಬಿಟ್ಟರೆ ಅವಳೊಬ್ಬಳೇ.

ನನ್ನ ಕಣ್ಣು ತೆರೆಸಿದವನು ಲಾದ್ರು. ಲಾದ್ರು ನಮ್ಮ ಡ್ರೈವರು. ಅವನ ಮಕ್ಕಳ ಸಂಖ್ಯೆ ನನ್ನದಕ್ಕಿಂತ ಹೆಚ್ಚು. ಮಕ್ಕಳನ್ನು ಹೆಸರು ಹಿಡಿದು ಕರೆಯುವಾಗ ಅವನಿಗೂ ಒಂದೆರಡು ಸಲ ಗೇರು ಬದಲಿಸಬೇಕಾಗುತ್ತಿತ್ತು. ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಾ ನಾನು, “ಪಾಪ, ಆ ಸೇಸಪ್ಪನಿಗೆ ಒಂದು ಮಗುವಾದರೂ ಆಗಿದ್ದರೆ ಹಾಲ್ಟ್ ತಪ್ಪಿಸಬಹುದಿತ್ತು” ಎಂದೆ. ಲಾದ್ರು ಚಹಾದ ಗ್ಲಾಸು ಕೆಳಗಿಟ್ಟ.

“ಅಲ್ಲ ಏಜೆಂಟ್ರೇ, ಗಂಡನನ್ನು ಘಟ್ಟದ ಬುಡದಲ್ಲಿ ಮಲಗಿಸ್ತೀರಿ, ಹೆಂಡತಿಯನ್ನು ಪುತ್ತಿಗೆಯಲ್ಲಿ ಮಲಗಿಸ್ತೀರಿ, ಮತ್ತೆ ಮಗು ಎಲ್ಲಿ ಅಂತ ಕೇಳ್ತೀರಿ. ಅದೆಂತ ಪಾರ್ಸೆಲಾ, ಬಸ್ಸಿನಲ್ಲಿ ಕಳಿಸ್ಲಿಕ್ಕೆ?”

ಹೋಟೆಲು ಬಿದ್ದು ಬಿದ್ದು ನಕ್ಕಿತು. ನಾನು ಅರ್ಧ ಬನ್ಸನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಮಕ್ಕಳಿಲ್ಲ ಎಂದು ಹಾಲ್ಟ್, ಹಾಲ್ಟ್ ಎಂದು ಮಕ್ಕಳಿಲ್ಲ! ಒಂದು ವಂಶವನ್ನೇ ನಾನು ಸುಣ್ಣದ ಕಡ್ಡಿಯಿಂದ ತಡೆದು ನಿಲ್ಲಿಸಿದೆನಲ್ಲ ಎಂದು ಹೆದರಿಕೆಯಾಯಿತು. ಅಂದೇ ಹಲಗೆ ಒರೆಸಿ ಸೇಸಪ್ಪನನ್ನು ಬಂಟ್ವಾಳದ ಹಗಲು ಬಸ್ಸಿಗೆ ಹಾಕಿದೆ. ಹಾಕಿ ಸುಮ್ಮನಿರಬೇಕಿತ್ತು. “ಹೋಗು ಮಾರಾಯ, ಇನ್ನು ನಿನ್ನ ಕೈಯಲ್ಲಿದೆ” ಎಂದು ಎಲ್ಲರೆದುರು ಹರಸಿಯೂ ಬಿಟ್ಟೆ.

ಆಮೇಲೆ ಇಡೀ ಲೈನು ಕಾಯತೊಡಗಿತು. ಮಾವಿನ ಸಮಯದಲ್ಲಿ ಸೇಸಪ್ಪ ಸಿದ್ಧಕಟ್ಟೆಯಲ್ಲಿ ಬಸ್ಸಿನಿಂದಿಳಿದು ನಾಲ್ಕು ಮಾವಿನಕಾಯಿ ಕೊಂಡನಂತೆ. ಅವನು ಕೊಂಡದ್ದು ಉಪ್ಪಿನಕಾಯಿಗೆ. ಆದರೆ ಅವನ ಬಸ್ಸು ಮೂಡಬಿದಿರೆ ಮುಟ್ಟುವ ಮೊದಲೇ ಸುದ್ದಿ ಬೆಳ್ತಂಗಡಿ ಮುಟ್ಟಿತ್ತು. ಶಿರ್ತಾಡಿಯಿಂದ ಬರುವ ಅಡಿಕೆ ವ್ಯಾಪಾರಿಯೊಬ್ಬರು ಚಿಲ್ಲರೆ ತೆಗೆದುಕೊಳ್ಳುವಾಗ ಸೇಸಪ್ಪನ ಕೈ ಕುಲುಕಿದರು. ಧಣಿಗಳೇ ಒಂದು ದಿನ ಆಫೀಸಿಗೆ ಬಂದವರು ಡೀಸೆಲ್ ವಿಚಾರಿಸಿ, ಟಯರು ವಿಚಾರಿಸಿ, ಕೊನೆಗೆ ತಗ್ಗಿದ ಸ್ವರದಲ್ಲಿ “ಸೇಸಪ್ಪನದು ಏನಾಯಿತು?” ಎಂದು ವಿಚಾರಿಸಿದರು. ಮಳೆಗಾಲ ಬಂತು, ಹೋಯಿತು. ಚೌತಿ, ದೀಪಾವಳಿ ಕಳೆದವು. ಸೇಸಪ್ಪ ಮೊದಲಿಗಿಂತ ಸ್ವಲ್ಪ ದಪ್ಪನಾದ; ಬೇರೆ ಯಾವ ಬದಲಾವಣೆಯೂ ಆ ಮನೆಯಲ್ಲಿ ಆದಂತೆ ಕಾಣಲಿಲ್ಲ.

ಕಡೆಗೆ ನಾನೇ ಕರೆದು ಕೇಳಿದೆ. ಕೇಳುವ ಅಧಿಕಾರ ನನಗಿದೆ ಎಂದೇ ಆಗ ನನ್ನ ನಂಬಿಕೆ.

“ಎಂತ ಸೇಸಪ್ಪ, ವಿಶೇಷ ಏನಾದರೂ ಉಂಟಾ?”

“ಇಲ್ಲ ಏಜೆಂಟ್ರೇ. ಆಗುವುದೂ ಇಲ್ಲ. ನಮಗೆ ಬೇಡ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ.”

“ಬೇಡ ಅಂದ್ರೆ?”

“ಬೇಡ ಅಂದ್ರೆ ಬೇಡ. ಅವಳ ಅಮ್ಮ ಬೇಗ ತೀರಿಕೊಂಡದ್ದು. ತಮ್ಮ ತಂಗಿಯರನ್ನೆಲ್ಲ ಅವಳೇ ಎತ್ತಿ ಆಡಿಸಿ ದೊಡ್ಡದು ಮಾಡಿದ್ದಾಳೆ. ಒಂದು ಜನ್ಮಕ್ಕೆ ಅಷ್ಟಾಯ್ತು ಅಂದಳು. ನನಗೂ ಸರಿ ಅಂತ ಕಂಡಿತು.”

“ಮತ್ತೆ ಸಂಜೆ ಮನೆಗೆ ಹೋಗಬೇಕು ಅಂದದ್ದು ಯಾಕೆ?”

ಅವನು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣ ಮುಂದಿದೆ. ಇಷ್ಟು ಓದಿದವನಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂಬಂತೆ.

“ಒಟ್ಟಿಗೆ ಕೂತು ಊಟ ಮಾಡ್ಲಿಕ್ಕೆ.”

ಓದುಗರೇ, ಈಗ ಹೇಳುವುದನ್ನು ನೀವು ನಂಬಬೇಕು. ನನಗೆ ಮೋಸವಾಯಿತೆಂದು ಅನ್ನಿಸಿತು. ಸುಳ್ಳು ನೆವ ಹೇಳಿ ನನ್ನಿಂದ ಹಗಲು ಡ್ಯೂಟಿ ಕಿತ್ತುಕೊಂಡ ಎಂದು ಸಿಟ್ಟು ಬಂತು. ಅವನು ಯಾವ ನೆವವನ್ನೂ ಹೇಳಿರಲಿಲ್ಲ. ಮನೆಯವಳಿದ್ದಾಳೆ ಎಂದಷ್ಟೇ ಹೇಳಿದ್ದು. ಸುಳ್ಳಿನ ಮೇಲೆ ಸಿಟ್ಟುಗೊಂಡ ಈ ಹರಿಶ್ಚಂದ್ರನ ಮನೆಯಲ್ಲಿ ದಡಾರ ಸರದಿಯ ಮೇಲೆ ಏಳುತ್ತಿತ್ತು ಎಂಬುದು ಆ ಗಳಿಗೆಯಲ್ಲಿ ಮರೆತೇ ಹೋಯಿತು. ಮಕ್ಕಳು ಬೇಡ ಎಂದ ಮೇಲೆ ಹಾಲ್ಟ್ ಬಸ್ಸಿಗೆ ಏನು ಅಡ್ಡಿ? ಹಲಗೆ ಒರೆಸಿದೆ. ಸೇಸಪ್ಪ ಮತ್ತೆ ಘಟ್ಟದ ಬುಡಕ್ಕೆ ಹೋದ.

ಒಂದೆರಡು ವಾರ ಕಳೆದಿರಬೇಕು. ಒಂದು ಸಂಜೆ ಹಾಲ್ಟ್ ಬಸ್ಸು ಬಂದು ನಿಂತಾಗ ಸೇಸಪ್ಪನ ಹೆಂಡತಿ ಸ್ಟ್ಯಾಂಡಿಗೆ ಬಂದಳು. ಎತ್ತರದ ಹೆಂಗಸು, ಕೈಯಲ್ಲಿ ಊಟದ ಕ್ಯಾರಿಯರು. ಗಂಡನೆದುರು ನಿಂತು ಊರಿನ ಹೆಸರು ಹೇಳಿ ಟಿಕೆಟು ಕೇಳಿದಳು. ಅವನು ಉಳಿದವರಿಗೆ ಹರಿದು ಕೊಟ್ಟಂತೆಯೇ ಅವಳಿಗೂ ಹರಿದು ಕೊಟ್ಟ.

“ಇದೆಂತ, ಎಲ್ಲಿಗೆ ಸವಾರಿ?” ಎಂದು ಕೇಳಿದೆ.

“ಅವರು ಮನೆಗೆ ಬರುವ ಹಾಗಿಲ್ಲ ಅಲ್ವಾ ಅಣ್ಣ? ಹಾಗೆ ಮನೆಯೇ ಹೋಗುವುದು.”

ಆ ಹಳ್ಳಿಯ ಚಹಾ ಹೋಟೆಲಿನ ಜಗಲಿಯಲ್ಲಿ ಇಬ್ಬರೂ ಕೂತು ಊಟ ಮಾಡುತ್ತಿದ್ದರಂತೆ. ಹೋಟೆಲಿನ ಮುದುಕಿ ಅವಳಿಗೆ ಒಳಗೆ ಚಾಪೆ ಕೊಡುತ್ತಿದ್ದಳು. ಬೆಳಗಿನ ಟ್ರಿಪ್ಪಿನಲ್ಲಿ ವಾಪಸು. ವಾರದಲ್ಲಿ ಎರಡು ಮೂರು ಸಲವಾದರೂ ಹೀಗೆ. ಯಾರಿಗೂ ಅದರಿಂದ ತೊಂದರೆ ಇರಲಿಲ್ಲ. ಲಾದ್ರುವಂತೂ ತನ್ನ ಸರದಿಯ ದಿನ ಅವಳು ಬರುತ್ತಾಳೋ ಎಂದು ದಾರಿ ನೋಡುತ್ತಿದ್ದ. ಕ್ಯಾರಿಯರಿನ ಕೆಳಗಿನ ಬಟ್ಟಲಲ್ಲಿ ಅವನ ಪಾಲಿನ ಮೀನಿನ ಗಸಿಯೂ ಇರುತ್ತಿತ್ತು.

ತೊಂದರೆ ಇದ್ದದ್ದು ನನಗೆ. ಅವಳು ಆ ಕ್ಯಾರಿಯರು ಹಿಡಿದು ನನ್ನ ಮೇಜಿನ ಮುಂದೆ ಹಾದು ಹೋಗುವಾಗಲೆಲ್ಲ ನನ್ನ ಹಲಗೆಯನ್ನೇ ಯಾರೋ ಒರೆಸಿದಂತಾಗುತ್ತಿತ್ತು. ಮಾತಿನಲ್ಲಿ ಉತ್ತರವಿಲ್ಲದವನು ಮಾಡುವುದನ್ನೇ ನಾನೂ ಮಾಡಿದೆ, ಹಾಸ್ಯ ಮಾಡಿದೆ. ಆ ಬಸ್ಸಿಗೆ ‘ದಿಬ್ಬಣ’ ಎಂದು ಹೆಸರಿಟ್ಟೆ. ಮದುಮಕ್ಕಳನ್ನು ಮೆರವಣಿಗೆಯಲ್ಲಿ ಕರೆದೊಯ್ಯುವ ದಿಬ್ಬಣ. ಅವಳು ಹತ್ತಿದೊಡನೆ “ದಿಬ್ಬಣ ಹೊರಟಿತು! ವಾಲಗದವರು ಎಲ್ಲಿ?” ಎಂದು ಕೂಗುತ್ತಿದ್ದೆ. ಸ್ಟ್ಯಾಂಡು ನಗುತ್ತಿತ್ತು. ವೇಣೂರಿನಲ್ಲಿ ಶಾಲೆಯ ಹುಡುಗರೂ ಹಾಗೆಯೇ ಕೂಗಲು ಕಲಿತರು. ಅವಳು ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದಳು. ಅಷ್ಟೂ ಹೊತ್ತು ಸೇಸಪ್ಪ ತಲೆ ತಗ್ಗಿಸಿ ಚಿಲ್ಲರೆ ಹುಡುಕುತ್ತಿದ್ದ.

ಒಂದು ಸಂಜೆ ಸ್ಟ್ಯಾಂಡು ತುಂಬಿತ್ತು. ಸಂತೆಯ ದಿನ. ಒಳ್ಳೆಯ ಸಭೆ ಸಿಕ್ಕಿತೆಂದು ನಾನು ವಾಲಗವನ್ನು ಬಾಯಿಯಿಂದಲೇ ಊದಿ ತೋರಿಸಿದೆ. ಅವಳು ಬಸ್ಸಿನ ಮೆಟ್ಟಿಲಿಳಿದು ನನ್ನ ಮೇಜಿನ ಬಳಿಗೆ ಬಂದಳು. ಸ್ವರ ಏರಿಸಲಿಲ್ಲ.

“ಅಣ್ಣ, ನಿಮಗೆ ಮಕ್ಕಳಿದ್ದಾರೆ ಅಲ್ವಾ?”

“ಆರು ಮಂದಿ!” ಎಂದೆ, ಪದಕ ತೋರಿಸುವವನಂತೆ.

“ಸಂಜೆ ಕೆಲಸ ಬಿಟ್ಟು ಎಷ್ಟು ಹೊತ್ತಿಗೆ ಮನೆಗೆ ಹೋಗ್ತೀರಿ?”

ನಾನು ಮೇಜಿನ ಮೇಲೆ ಸುಣ್ಣದ ಕಡ್ಡಿ ಹುಡುಕತೊಡಗಿದೆ. ಉತ್ತರ ಸ್ಟ್ಯಾಂಡಿಗೆಲ್ಲ ಗೊತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಆಫೀಸು ಮುಚ್ಚಿದ ಮೇಲೆ ನಾನು, ಇನ್ನಿಬ್ಬರು ಕಂಡಕ್ಟರುಗಳು, ಒಬ್ಬ ಡ್ರೈವರು ಹೋಟೆಲಿನ ಹಿಂದಿನ ಕೋಣೆಯಲ್ಲಿ ಇಸ್ಪೀಟಿಗೆ ಕೂರುತ್ತಿದ್ದೆವು. ಮಕ್ಕಳು ಮಲಗಿ ಗಲಾಟೆ ಅಡಗಿತೆಂದು ಖಾತ್ರಿಯಾದ ಮೇಲೆಯೇ ಏಳುತ್ತಿದ್ದದ್ದು. ಯಾವ ಮಕ್ಕಳ ಹೆಸರಿನಲ್ಲಿ ಸಂಜೆಗಳನ್ನು ಉಳಿಸಿಕೊಂಡಿದ್ದೆವೋ ಆ ಮಕ್ಕಳಿಂದ ತಪ್ಪಿಸಿಕೊಳ್ಳಲೆಂದೇ ಆ ಸಂಜೆಗಳನ್ನು ಬಳಸುತ್ತಿದ್ದೆವು.

“ಹೇಳಿ ಏಜೆಂಟ್ರೇ, ನಾಚಿಕೆ ಎಂತದು!” ಎಂದ ಲಾದ್ರು ಸ್ಟೇರಿಂಗಿನ ಮೇಲೆ ಒರಗಿಕೊಂಡು. ಈ ಸಲ ಸ್ಟ್ಯಾಂಡು ನಕ್ಕದ್ದು ಬೇರೆಯೇ ಕಡೆಗೆ ತಿರುಗಿ.

ಆಗಲಾದರೂ ಒಂದು ಮಾತು ಹೇಳಬಹುದಿತ್ತು. ನಾನು ಸೀಟಿ ಊದಿ ಬಸ್ಸು ಹೊರಡಿಸಿದೆ. ಆಮೇಲೆ ಯಾವತ್ತೂ ಅವಳು ಆ ಬಸ್ಸು ಹತ್ತಲಿಲ್ಲ. ತಿಂಗಳು ಮುಗಿಯುತ್ತಲೇ ಸೇಸಪ್ಪ ಚೀಲ, ಸೀಟಿ ಎರಡನ್ನೂ ಮೇಜಿನ ಮೇಲಿಟ್ಟು, “ಬರ್ತೇನೆ” ಎಂದು ಹೋದ. ಆಮೇಲೆ ಹಾಲ್ಟಿಗೆ ಹೋಗುವವರಿಲ್ಲದೆ ಕಂಡಕ್ಟರುಗಳು ದಿನವೂ ಜಗಳವಾಡಿದರು. ಎಲ್ಲರ ಮನೆಯಲ್ಲೂ ಒಟ್ಟಿಗೆ ದಡಾರ. ಧಣಿಗಳು ಬೇಸತ್ತು, ಇನ್ನು ಎಲ್ಲರಿಗೂ ಸರದಿ ಎಂದರು. ಮೊದಲೇ ಮಾಡಬಹುದಾಗಿದ್ದದ್ದು ಅಷ್ಟೇ.

ಕೆಲವು ವರ್ಷಗಳ ನಂತರ ಬಿ.ಸಿ.ರೋಡಿನಲ್ಲಿ ಬಸ್ಸು ಬದಲಿಸುವಾಗ ಸೇಸಪ್ಪ ಕಂಡ. ರಸ್ತೆ ಬದಿಯಲ್ಲಿ ಸೈಕಲ್ ಶಾಪು, ಅದರ ಹಿಂದೆಯೇ ಮನೆ. ಪಂಪು ಕೆಳಗಿಟ್ಟು ಓಡಿ ಬಂದು ಕೈ ಹಿಡಿದುಕೊಂಡ. ಹೊತ್ತು ಮುಳುಗುತ್ತಿತ್ತು, ಮಾತಾಡುತ್ತಲೇ ಅವನು ಶಾಪು ಮುಚ್ಚಲು ಹಲಗೆಗಳನ್ನು ಒಂದೊಂದಾಗಿ ಏರಿಸತೊಡಗಿದ.

“ಸೇಸಪ್ಪ, ಆಗ ನಾನು ಮಾಡಿದ್ದು ತಪ್ಪು ಮಾರಾಯ” ಎಂದೆ. ಅವನೊಡನೆ ಹೇಳುವುದು ನಾನೆಣಿಸಿದಷ್ಟು ಕಷ್ಟವಾಗಲಿಲ್ಲ.

“ಬಿಡಿ ಏಜೆಂಟ್ರೇ, ಅದೆಲ್ಲ ನನಗೆ ನೆನಪೇ ಇಲ್ಲ” ಎಂದು ನಕ್ಕ. ಇನ್ನೊಂದು ಹಲಗೆ ಏರಿಸಿ, “ಅವಳಿಗೆ ಉಂಟು” ಎಂದ. ಮತ್ತೆ, “ಒಳಗಿದ್ದಾಳೆ. ಬನ್ನಿ, ಊಟ ಮಾಡುವ” ಎಂದು ಕರೆದ.

ಒಳಗಿನಿಂದ ಒಗ್ಗರಣೆಯ ಸದ್ದು ಕೇಳುತ್ತಿತ್ತು. ಇಬ್ಬರಿಗೆ ಬಡಿಸುವ ತಟ್ಟೆಗಳ ಸದ್ದೂ ಕೇಳಿದಂತಾಯಿತು. ನಡುವೆ ಇದ್ದದ್ದು ಒಂದು ಅರ್ಧ ತೆರೆದ ಬಾಗಿಲು. ನಾನು ಬಸ್ಸಿಗೆ ಹೊತ್ತಾಯಿತು ಎಂದೆ. ಬಿ.ಸಿ.ರೋಡಿನಲ್ಲಿ ಬಸ್ಸಿಗೆ ಹೊತ್ತಾಗುವುದೆಂದರೇನು! ಒಂದು ಹೋದರೆ ಇನ್ನೊಂದು ಬರುತ್ತದೆ. ಸೇಸಪ್ಪನಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ಅವನು ಒತ್ತಾಯ ಮಾಡಲಿಲ್ಲ.

ಈಗ ನೋಡಿದರೆ, ಇಷ್ಟುದ್ದ ಬರೆದ ಮೇಲೂ ಸೇಸಪ್ಪನ ಹೆಂಡತಿ ಎಂದೇ ಬರೆದಿದ್ದೇನೆ. ಆಫೀಸಿನಲ್ಲಿ ನಾವೆಲ್ಲ ಹಾಗೆಯೇ ಹೇಳುತ್ತಿದ್ದದ್ದು. ಯಾರ ತಾಯಿಯೂ ಅಲ್ಲದವಳನ್ನು ಬೇರೆ ಹೇಗೆ ಹೇಳಬೇಕೆಂದು ನಮಗೆ ತಿಳಿದಿರಲಿಲ್ಲ. ಕ್ಷಮೆ ಕೇಳುವವನು ಹೆಸರು ಹಿಡಿದಾದರೂ ಕೇಳಬೇಕು. ಬಾಗಿಲ ಹೊರಗೆ ನಿಂತು ಹೇಳಿದರೆ ಒಗ್ಗರಣೆಯ ಸದ್ದಿನಲ್ಲಿ ಕೇಳಿಸುವುದಿಲ್ಲ. ಅಂದು ಸೇಸಪ್ಪ ಹಲಗೆ ಏರಿಸುತ್ತಲೇ ಒಳಗಿದ್ದ ಅವಳನ್ನು ಹೆಸರಿನಿಂದ ಕೂಗಿ ಕರೆದದ್ದು ನೆನಪಿದೆ.

ಅವಳ ಹೆಸರು ರಾಜೀವಿ.