ಟೆಂಪೊ ತುಂಬ ಬಾಗಿಲುಗಳು

ನನಗೆ ಮೊದಲು ಕಾಣುವುದು ಕೈ. ಹಗ್ಗದ ಗಂಟಿನ ಮೇಲೆ ಇಟ್ಟ ಒಂದು ಕೈ, ಬಿಳಿ ಅಂಗಿಯ ತೋಳು ಮೇಲಕ್ಕೆ ಮಡಚಿದ್ದು. ಆಮೇಲೆ ಸದ್ದು. ಆಮೇಲೆ ಧೂಳು. ರೊಟ್ಟಿ ತಟ್ಟುವಾಗ, ಬಸ್ಸಿನಲ್ಲಿ ಕೂತಾಗ, ಓಣಿಯಲ್ಲಿ ಯಾರೋ ಕಟ್ಟಿಗೆ ಇಳಿಸುವಾಗ ಅದು ಮತ್ತೆ ಇದೇ ಕ್ರಮದಲ್ಲಿ ಬರುತ್ತದೆ. ಹೇಳಿದರೆ ಕೇಳಿದವರು, ‘ನೀವು ಕಥಿ ಬರೆಯೋರಲ್ಲೇನ್ರಿ’ ಎನ್ನುತ್ತಾರೆ.

ಬರೆಯುವವಳು ಹೌದು. ನಮ್ಮದು ಬನಹಟ್ಟಿ. ಜಮಖಂಡಿಯಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿದ್ದಾಗ ಒಂದು ದೆವ್ವದ ಕಾದಂಬರಿ ಬರೆದೆ. ಪ್ರಕಾಶಕರು ಯಾರೂ ಒಪ್ಪಲಿಲ್ಲ. ಕೊನೆಗೆ ಮಹಾಲಿಂಗಪುರದ ಒಂದು ಸಣ್ಣ ಮುದ್ರಣಾಲಯದಲ್ಲಿ ನಾನೇ ಅಚ್ಚು ಹಾಕಿಸಿದೆ. ಅವರು ಲಗ್ನಪತ್ರಿಕೆ ಮತ್ತು ಬೆಲ್ಲದ ಅಂಗಡಿಗಳ ಕ್ಯಾಲೆಂಡರ್ ಮಾಡುವವರು. ಹಾಗಾಗಿ ನನ್ನ ದೆವ್ವಕ್ಕೆ ಅರಿಸಿನ ಕುಂಕುಮದ ಬಣ್ಣದ ಹೊದಿಕೆ ಬಂತು.

ಅಣೆಕಟ್ಟಿನ ಹಿನ್ನೀರು ಬೀಳಗಿ ಕಡೆಯ ಊರುಗಳಿಗೆ ಏರಿ ಬಂದ ವರ್ಷಗಳಲ್ಲಿ ಅಲ್ಲಿಯ ಜನ ತಮ್ಮ ಮನೆಗಳನ್ನು ತಾವೇ ಬಿಚ್ಚಿದ್ದರು. ಗೋಡೆ ಬಿಟ್ಟು ತೊಲೆ, ಕಂಬ, ಬಾಗಿಲ ಚೌಕಟ್ಟುಗಳನ್ನು ಟ್ರ್ಯಾಕ್ಟರಿಗೆ ಹೇರಿಕೊಂಡು ಬಂದರು. ಪುನರ್ವಸತಿ ಕೇಂದ್ರದ ಸಣ್ಣ ಮನೆಗೆ ಹೊಂದದ್ದನ್ನು ಜಮಖಂಡಿ, ಮುಧೋಳದ ಹಳೆ ಕಟ್ಟಿಗೆ ಅಡ್ಡೆಗಳಿಗೆ ಮಾರಿದರು. ಸಾಗವಾನಿ ಕಟ್ಟಿಗೆ, ಹೊಸದಕ್ಕಿಂತ ಅಗ್ಗ. ನಮ್ಮ ಭಾಗದ ಎಷ್ಟೋ ಸಿಮೆಂಟಿನ ಮನೆಗಳಿಗೆ ಮುಳುಗಿದ ಊರಿನ ಬಾಗಿಲುಗಳಿವೆ. ನಮ್ಮ ಹಿಂದಿನ ಕೋಣೆಗೂ ಒಂದಿದೆ. ಅದನ್ನು ನೋಡಿ ನೋಡಿಯೇ ಕಥೆ ಹುಟ್ಟಿತು. ಮನೆ ಬಿಟ್ಟು ಬರಲೊಲ್ಲದ ಒಬ್ಬ ಸೊಸೆ ನೀರಿನಲ್ಲಿ ಮುಳುಗುತ್ತಾಳೆ, ಆಮೇಲೆ ತನ್ನ ಮನೆಯ ಬಾಗಿಲನ್ನು ಹುಡುಕುತ್ತ ಪೇಟೆಗೆ ಬರುತ್ತಾಳೆ. ಯಾರನ್ನೂ ಕೇಳಿ ಬರೆದದ್ದಲ್ಲ, ಎಲ್ಲವೂ ನಾನು ಕಟ್ಟಿದ್ದು.

ಪುಸ್ತಕ ಕೆಲವು ತಿಂಗಳು ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಮಾರಿತು. ಆಗ ಜಮಖಂಡಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಪತ್ತೇದಾರಿ ಮತ್ತು ದೆವ್ವದ ಕಾದಂಬರಿಗಳ ಸಮಾವೇಶ ನಡೆಯುತ್ತದೆಂದು ಗೊತ್ತಾಯಿತು. ನಡೆಸುವವರು ಹಿಂದೆ ಬಾಡಿಗೆ ಪುಸ್ತಕದ ಅಂಗಡಿ ಇಟ್ಟಿದ್ದವರು. ಟಿ.ವಿ. ಧಾರಾವಾಹಿಗಳು ಅಂಗಡಿ ಮುಚ್ಚಿಸಿದ ಸಿಟ್ಟು ಅವರಿಗೆ ಇನ್ನೂ ಇಳಿದಿರಲಿಲ್ಲ. ಪತ್ತೇದಾರಿ ಬರೆಯುವ ಗಂಡಸರಿಗೆ ಒಳಗೆ ಫ್ಯಾನಿನ ಕೆಳಗೆ ಟೇಬಲ್ಲು ಹಾಕಿಸಿ, ನನಗೆ ಹೊರಗೆ ಅಂಗಳದಲ್ಲಿ, ಚಪ್ಪಲಿ ಬಿಡುವ ಜಾಗದ ಪಕ್ಕ ಒಂದು ಕೊಟ್ಟರು.

‘ಅಡಗಿ ಪುಸ್ತಕ ಏನ್ರಿ?’ ಎಂದು ಮೊದಲು ಬಂದ ಗಂಡಸು ಕೇಳಿದ.

‘ಅಲ್ಲರಿ, ದೆವ್ವದ್ದು.’

‘ಮನ್ಯಾಗ ಒಂದ ಐತ್ರಿ, ಇನ್ನೊಂದ ಯಾಕ?’ ಅವನು ನಕ್ಕ. ಪಕ್ಕದಲ್ಲಿದ್ದ ಹೆಂಡತಿ ನಗಲಿಲ್ಲ.

ಹೊತ್ತು ಏರಿದರೂ ಒಂದು ಪ್ರತಿ ಹೋಗಲಿಲ್ಲ. ಆಗ ಒಳಗಿನಿಂದ ಮೈಕು ಕೂಗಿತು: ‘ಅಂಗಳದಾಗ ಕುಂತ ಅಕ್ಕಾರ ಪುಸ್ತಕ ನೋಡ್ರೀ! ಮುಳಗಡಿ ಊರಾಗ ಖರೆ ಖರೆ ನಡದಿದ್ದ ಸುದ್ದಿ!’

ನಾನು ಎದ್ದು ಒಳಗೆ ಓಡಿದೆ. ‘ಯಾಕ್ರಿ ಹಂಗ ಹೇಳ್ತೀರಿ? ಅದು ಕಥಿರಿ.’

ಸಂಘಟಕರು ಮೈಕಿಗೆ ಅಂಗೈ ಮುಚ್ಚಿದರು. ‘ಕಥಿ ಅಂದ್ರ ಕೈಯಾಗ ಹಿಡದು ಇಟ್ಟ ಹೋಗ್ತಾರ. ಖರೆ ಅಂದ್ರ ಒಯ್ತಾರ. ನೀವು ಮಾರಾಕ ಬಂದೀರೋ, ಪ್ರವಚನ ಹೇಳಾಕ ಬಂದೀರೋ?’

ಅವರೆಂದದ್ದು ನಿಜವಾಯಿತು. ಜನ ಬಂದರು, ಒಯ್ದರು. ಆ ಗುಂಪು ಕರಗಿದ ಮೇಲೆ ಟೇಬಲ್ಲಿನ ಮುಂದೆ ಒಬ್ಬ ಹೆಂಗಸು ಉಳಿದಳು. ನಡುವಯಸ್ಸು, ತಲೆ ತುಂಬ ಸೆರಗು. ಪುಸ್ತಕವನ್ನು ಅವಳು ಮುಟ್ಟಲಿಲ್ಲ.

‘ನನಗ ಓದಾಕ ಬರಂಗಿಲ್ಲ ತಂಗಿ. ತೇರದಾಳಕ್ಕ ಕೊಟ್ಟ ಮಗಳು ತಂದು ಓದಿ ಹೇಳ್ಯಾಳ. ನೀ ಇವತ್ತ ಇಲ್ಲಿ ಬರ್ತಿ ಅಂತನೂ ಆಕಿನ ಹೇಳಿದ್ಲು.’ ದನಿ ಇಳಿಸಿ ಕೇಳಿದಳು: ‘ನಮ್ಮ ನೆಗೆಣ್ಣಿ ಸುದ್ದಿ ನಿನಗ ಯಾರು ಹೇಳಿದ್ರು?’

ನೆಗೆಣ್ಣಿ ಎಂದರೆ ಅವಳ ಮೈದುನನ ಮೊದಲ ಹೆಂಡತಿ. ಅವರ ಊರೂ ಮುಳುಗಿದ್ದು. ಮನೆ ಬಿಚ್ಚಿದ ದಿನಗಳಲ್ಲಿ ಆ ಸೊಸೆ ಕಾಣೆಯಾದಳು. ಟ್ರ್ಯಾಕ್ಟರ್ ಡ್ರೈವರನ ಜೊತೆ ಓಡಿಹೋದಳೆಂದು ಗಂಡ ಹೇಳಿದ, ಊರು ನಂಬಿತು.

‘ಆಕಿ ಹಂತಾಕಿ ಅಲ್ಲ,’ ಎಂದಳು ಈ ಹೆಂಗಸು. ‘ಕಡೀಕ ನೋಡಿದಾಕಿ ನಾನು. ಬಾಗಲಾ ಕೀಳಾಕ ಬಂದವ್ರಿಗೆ ಕುಡಗೋಲ ಹಿಡಕೊಂಡ ಅಡ್ಡ ನಿಂತಿದ್ಲು. ಚೌಕಟ್ಟಿಗೆ ಕಚ್ಚ ಬೀಳೂವಂಗ ಹೊಡದ್ಲು. ಓಡಿಹೋಗಾಕಿಗೆ ಬಾಗಲಾ ಯಾಕ ಬೇಕ? ಇವತ್ತಿಗೂ ಆಕಿ ಹೆಸರ ತಗದ್ರ ಮಂದಿ ಉಗುಳ್ತಾರ. ನೀ ಒಬ್ಬಾಕಿ ಬರದಿ, ಅಲ್ಲೇ ಸತ್ಲು ಅಂತ.’

‘ಅಕ್ಕಾರ, ನನಗ ಯಾರೂ ಹೇಳಿಲ್ಲರಿ. ನಾನ ಕಟ್ಟಿದ್ದು.’

ಅವಳು ನನ್ನನ್ನು ಕರುಣೆಯಿಂದ ನೋಡಿದಳು. ‘ಅಂಜಬ್ಯಾಡ. ನಿನ್ನ ಹೆಸರ ನಾ ಎಲ್ಲೂ ಹೇಳಂಗಿಲ್ಲ.’

ಹಿಂದಿನಿಂದ ಬಿಳಿ ಅಂಗಿಯವನೊಬ್ಬ ಬಂದು ನಿಂತ. ಅವಳು ತಟ್ಟನೆ ಸೆರಗು ಮುಂದಕ್ಕೆ ಎಳೆದುಕೊಂಡು ಪಕ್ಕಕ್ಕೆ ಸರಿದಳು. ಅವನೇ ಮೈದುನ ಎಂದು ಯಾರೂ ಹೇಳಬೇಕಾಗಲಿಲ್ಲ. ಅವನು ಒಂದು ಪ್ರತಿ ಎತ್ತಿ ಕೊನೆಯ ಪುಟ ತೆರೆದು, ನಿಂತಲ್ಲೇ ನಿಧಾನಕ್ಕೆ ಓದಿದ.

‘ಛಲೋ ಬರದೀರಿ ಅಕ್ಕಾರ. ಬನಹಟ್ಟ್ಯಾಗ ಕುಂತು ಹೊಳ್ಯಾಗ ಮುಳುಗಿದವ್ರನ್ನ ಕಂಡೀರಿ. ಭಾಳ ದೊಡ್ಡ ಕಣ್ಣು ನಿಮ್ಮವು.’ ಪುಸ್ತಕವನ್ನು ಬೋರಲು ಹಾಕಿ ಇಟ್ಟು, ಅತ್ತಿಗೆಯನ್ನು ಕರೆದುಕೊಂಡು ನೆರಳಿಗೆ ಹೋದ.

ಒಳಗೆ ಊಟಕ್ಕೆ ಎಲೆ ಹಾಕುತ್ತಿದ್ದಾಗ ಒಂದು ಟೆಂಪೊ ಹಿಂದಕ್ಕೆ ಹಿಂದಕ್ಕೆ ಬರುತ್ತ ನನ್ನ ಟೇಬಲ್ಲಿನ ಹತ್ತಿರ ನಿಂತಿತು. ಅದರ ತುಂಬ ಬಾಗಿಲ ಚೌಕಟ್ಟುಗಳು. ಒಂದರ ಹಿಂದೆ ಒಂದು ನೆಟ್ಟಗೆ ನಿಲ್ಲಿಸಿ, ಅಡ್ಡ ಹಗ್ಗ ಬಿಗಿದಿದ್ದರು. ಇಳಿದವನು ಹಳೆ ಕಟ್ಟಿಗೆಯ ವ್ಯಾಪಾರಿ. ಹಿಂದೆ ಇಬ್ಬರು ಹಮಾಲರು. ವ್ಯಾಪಾರಿಯ ಕೈಯಲ್ಲಿ ನನ್ನ ಪುಸ್ತಕ, ಕೊಳವೆಯ ಹಾಗೆ ಸುತ್ತಿದ್ದು.

‘ದೆವ್ವದ ಅಕ್ಕಾರು ನೀವ ಏನ್ರಿ?’ ಎರಡೂ ಅಂಗೈ ಟೇಬಲ್ಲಿನ ಮೇಲೆ ಊರಿದ. ‘ಮುಧೋಳದಾಗ ಒಬ್ಬರ ಮಗಳಿಗೆ ಜ್ವರ ಬಂತು, ಬಾಗಲಾ ಕಿತ್ತ ತಂದು ನನ್ನ ಮುಂದ ಒಗದ್ರು. ರಬಕವ್ಯಾಗ ಒಬ್ಬರ ಎಮ್ಮಿ ಹಾಲ ಕೊಡವಲ್ದು, ಅದೂ ಬಾಗಲದ್ದ ತಪ್ಪು! ಇಲ್ಲೇ ಒಬ್ಬ ಮುದುಕ ಸತ್ತ. ಅಂವಗ ತೊಂಬತ್ತ ಆಗಿತ್ರಿ. ಸಾಯದ ಮತ್ತೇನ ಲಗ್ನ ಮಾಡ್ಕೋತಾನ?’

ಊಟ ಬಿಟ್ಟು ಬಂದವರು ಜೋರಾಗಿ ನಕ್ಕರು. ವ್ಯಾಪಾರಿ ಅವರ ಕಡೆ ತಿರುಗಿದ ರೀತಿಗೆ ನಗು ನಿಂತಿತು.

‘ನಿಮ್ಮ ದೆವ್ವ ನನ್ನ ಅಡ್ಡಾದಾಗ ಬಂದ ಕುಂತೈತಿ. ಒಬ್ಬ ಗಿರಾಕಿ ಒಳಗ ಕಾಲಿಡವಲ್ಲ. ಮೈಕಿನ್ಯಾಗ ಹೇಳ್ರಿ, ಬರದಿದ್ದೆಲ್ಲಾ ಸುಳ್ಳು ಅಂತ. ಇಲ್ಲಂದ್ರ ಈ ಬಾಗಲಾ ಅಷ್ಟೂ ನಿಮ್ಮ ಪುಸ್ತಕದ ಮ್ಯಾಲ ಇಳಸ್ತೀನಿ. ಕೆಳಗ ನೀವ ಇದ್ರೂ ಇಳಸ್ತೀನಿ.’

ಹಮಾಲರಲ್ಲಿ ಒಬ್ಬ ಆಗಲೇ ನನ್ನ ಪುಸ್ತಕದ ಕಟ್ಟಿನ ಮೇಲೆ ಕಾಲಿಟ್ಟು ನಿಂತಿದ್ದ. ಸಂಘಟಕರು ನನ್ನ ಮೊಣಕೈ ಹಿಡಿದು ಎಳೆದರು. ‘ಹೇಳಿಬಿಡ್ರಿ ಅಕ್ಕಾರ, ಪಲ್ಲೆ ಆರಾಕತ್ತೈತಿ.’

‘ಮುಂಜಾನಿ ಖರೆ ಅಂದಾವ್ರು ನೀವ ಅಲ್ಲೇನ್ರಿ?’

‘ಅದು ಮುಂಜಾನಿ.’

ಕಾರ್ಯಾಲಯದ ಬಾಗಿಲಲ್ಲಿ ಆ ಹೆಂಗಸು ಅಡ್ಡ ಬಂದು ನನ್ನ ಸೆರಗು ಹಿಡಿದಳು. ‘ತಂಗೀ, ಹೇಳಬ್ಯಾಡ. ನನ್ನ ಮೈದುನ ನಿಂತಾನ, ಕೇಳ್ತಾನ.’ ಸೆರಗು ಅವಳ ಕೈಯಿಂದ ಜಾರಿತು. ಮೈಕಿನ ಮುಂದೆ ನಾನು ಹೇಳಿದೆ: ಇದು ಕಲ್ಪನೆ, ಅಂಥ ಮನೆ ಇರಲಿಲ್ಲ, ಅಂಥ ಸೊಸೆ ಇರಲಿಲ್ಲ.

‘ಕಲ್ಪನಿ ಗಿಲ್ಪನಿ ಬ್ಯಾಡ!’ ವ್ಯಾಪಾರಿ ಬಾಗಿಲಿನಿಂದ ಕೂಗಿದ. ‘ಸುಳ್ಳು ಅನ್ರಿ. ಯಾರೂ ಸತ್ತಿಲ್ಲ ಅನ್ರಿ.’

‘ಸುಳ್ಳು,’ ಎಂದೆ. ‘ಯಾರೂ ಸತ್ತಿಲ್ಲ.’

ಬಿಳಿ ಅಂಗಿಯವನು ಅಂಗಳದಿಂದ ಚಪ್ಪಾಳೆ ತಟ್ಟಿದ. ‘ಕೇಳಿದೇನ ಅತ್ತಿಗಿ? ಬರದಾಕಿನ ಹೇಳಿದ್ಲು. ಓಡಿಹೋದಾಕಿ ಓಡೇ ಹೋಗ್ಯಾಳ.’

ಹೊರಗೆ ಬಂದಾಗ ಆ ಹೆಂಗಸು ಟೆಂಪೊದ ಪಕ್ಕದಲ್ಲಿದ್ದಳು. ಒಂದೊಂದೇ ಚೌಕಟ್ಟಿನ ಮೇಲೆ ಅಂಗೈ ಸವರಿ ನೋಡುತ್ತಿದ್ದಳು.

‘ಬಾಯಾರ, ಮುಟ್ಟಬ್ಯಾಡ್ರಿ, ಜಾರತಾವು!’ ಎಂದು ವ್ಯಾಪಾರಿ ಗದರಿಸಿದ.

‘ನಮ್ಮ ಬಾಗಲಾ ಇದರಾಗ ಐತೇನ ನೋಡ್ತೀನಿ. ಕುಡಗೋಲಿನ ಕಚ್ಚ ಇದ್ರ ಮಂದಿಗೆ ತೋರಸ್ತೀನಿ. ಆಕಿ ಮಾತ ಕಟಗಿಯಾದ್ರೂ ಹೇಳ್ಲಿ.’

ಅವಳನ್ನು ಕರೆತರಲೆಂದು ನಾನು ಹೋದೆ. ಚೌಕಟ್ಟುಗಳು ಸಾಲಾಗಿ ನಿಂತಿದ್ದರಿಂದ ಒಂದು ಬಾಗಿಲ ತೆರವಿನಲ್ಲಿ ಇನ್ನೊಂದು, ಅದರೊಳಗೆ ಮತ್ತೊಂದು ಕಾಣುತ್ತಿತ್ತು. ಎಲ್ಲ ಬಾಗಿಲುಗಳ ಆಚೆ, ಟೆಂಪೊದ ಮತ್ತೊಂದು ಬದಿಯಲ್ಲಿ, ಬಿಳಿ ಅಂಗಿ. ಅವನ ಕೈ ಹಗ್ಗದ ಗಂಟಿನ ಮೇಲಿತ್ತು. ಅವನು ನಮ್ಮ ಕಡೆ ನೋಡುತ್ತಿರಲಿಲ್ಲ, ಗಂಟನ್ನು ನೋಡುತ್ತಿದ್ದ.

‘ಹಗ್ಗಾ!’ ಎಂದು ಯಾವನೋ ಹಮಾಲ ಕಿರುಚಿದ. ನಾನು ಅವಳ ಸೀರೆ ಹಿಡಿದು ಎಳೆದೆ. ಇಬ್ಬರೂ ಹಿಂದಕ್ಕೆ ಬಿದ್ದೆವು. ಮುಂದಿನ ಸಾಲು ಪೂರ್ತಿ ಕೆಳಗೆ ಬಂತು. ಟೇಬಲ್ಲು ಪುಸ್ತಕ ಸಮೇತ ನೆಲಕ್ಕೆ ಅಪ್ಪಚ್ಚಿಯಾಯಿತು. ನನ್ನ ಕಾಲಿನಿಂದ ಒಂದು ಗೇಣು ಆಚೆ ಒಂದು ಹೊಸ್ತಿಲು ಅಂಗಳದ ಫರಸಿ ಕಲ್ಲನ್ನು ಒಡೆಯಿತು. ಅವಳ ಬಲಗೈ ಮೊಣಕೈಯವರೆಗೆ ಒಂದು ಚೌಕಟ್ಟಿನ ಕೆಳಗಿತ್ತು. ಹಮಾಲರು ಅದನ್ನು ಎತ್ತುವವರೆಗೆ ಅವಳು ಅಳಲಿಲ್ಲ. ಕೈಮೇಲೆ ಬಿದ್ದ ಕಟ್ಟಿಗೆಯನ್ನು ಕಣ್ಣಿನಲ್ಲಿ ಹುಡುಕುತ್ತ, ‘ಇದಲ್ಲ, ಇದಲ್ಲ,’ ಎನ್ನುತ್ತಿದ್ದಳು.

ಬಂದೋಬಸ್ತಿಗೆ ಬಂದಿದ್ದ ಪೊಲೀಸಪ್ಪ ಕೈ ತೊಳೆದುಕೊಂಡು ಬಂದ. ನಾನು ಕಂಡದ್ದನ್ನು ಹೇಳಿದೆ, ಬಿಳಿ ಅಂಗಿಯವನ ಕಡೆ ಬೆರಳು ಮಾಡಿ ತೋರಿಸಿದೆ.

‘ಈಗ ಮೈಕಿನ್ಯಾಗ ಏನ ಹೇಳಿದ್ರಿ ನೀವು?’ ಎಂದ.

‘ಅದು ಪುಸ್ತಕದ್ದ್ರಿ. ಇದು ನಾ ಕಣ್ಣಾರೆ ಕಂಡಿದ್ದು.’

‘ಅದನ್ನೂ ಕಂಡಂಗ ಬರದೀರಂತ.’ ಸುತ್ತ ನಿಂತವರು ನಕ್ಕರು. ‘ನನ್ನ ಹಗ್ಗ ಗಟ್ಟಿ ಇತ್ತು ಸಾಹೇಬರ,’ ಎಂದು ವ್ಯಾಪಾರಿ ಗೊಣಗಿದ. ಅವನ ಮಾತನ್ನೂ ಯಾರೂ ಕೇಳಲಿಲ್ಲ.

ರಿಕ್ಷಾ ಬಂತು. ಅತ್ತಿಗೆಯನ್ನು ಎತ್ತಿ ಕೂರಿಸಿದವನು ಆ ಮೈದುನನೇ. ‘ಅವರ ಜೋಡಿ ಕಳಸಬ್ಯಾಡ್ರಿ!’ ಎಂದು ನಾನು ಕೂಗಿದೆ.

‘ನಮ್ಮ ಮನಿ ಹೆಣ್ಮಗಳನ್ನ ನಾ ಒಯ್ಯದ ಯಾರ ಒಯ್ಯಬೇಕ್ರಿ? ನಿಮ್ಮ ದೆವ್ವ ಬಂದ ಒಯ್ತೈತೇನು?’

ಮತ್ತೆ ನಗು. ಪುಸ್ತಕಗಳನ್ನು ಬಿದ್ದಲ್ಲೇ ಬಿಟ್ಟು ನಾನು ರಿಕ್ಷಾ ಹತ್ತಿ ಅವರಿಬ್ಬರ ನಡುವೆ ಕೂತೆ. ಅವನು ಸರಿದು ಜಾಗ ಕೊಟ್ಟ. ದಾರಿಯುದ್ದಕ್ಕೂ ಅವನ ಮೊಣಕಾಲು ನನ್ನ ಮೊಣಕಾಲಿಗೆ ಒತ್ತಿಕೊಂಡಿತ್ತು.

ದವಾಖಾನೆಯಲ್ಲಿ ಡಾಕ್ಟರು ಕೇಳಿದರು, ‘ಏನಾತ್ರೀ ಇದು?’

ಹೇಳಲು ನಾನು ಬಾಯಿ ತೆರೆದೆ. ‘ಇವರು ಕಥಿ ಬರೀತಾರ್ರಿ ಡಾಕ್ಟರ,’ ಎಂದು ಅವನು ನಡುವೆ ಬಂದ. ಡಾಕ್ಟರು ಅವಳ ಮುಖವನ್ನೇ ನೋಡಿ ಕಾದರು. ಅವಳು ಮೈದುನನನ್ನು ನೋಡಿದಳು, ಆಮೇಲೆ ಗೋಡೆಯನ್ನು.

‘ಕಟಗಿ ಬಿತ್ರಿ. ತಂತಾನ ಬಿತ್ತು,’ ಎಂದಳು.

ಪ್ಲಾಸ್ಟರ್ ಹಾಕಿದ ಮೇಲೆ ತೇರದಾಳದ ಮಗಳು ಬರುವವರೆಗೆ ನಾನು ಅವಳ ಹತ್ತಿರ ಕೂತೆ. ಮೈದುನ ಚಹಾಕ್ಕೆಂದು ಹೊರಗೆ ಹೋದಾಗ ಮಾತ್ರ ಅವಳು ನನ್ನ ಕಡೆ ತಿರುಗಿದಳು.

‘ನೀ ಮೈಕಿನ್ಯಾಗ ಹೇಳಿದಿ, ನಾ ಡಾಕ್ಟರ ಮುಂದ ಹೇಳಿದೆ. ಇನ್ನ ಆಕಿ ಸುದ್ದಿ ಎತ್ತವ್ರು ಯಾರೂ ಉಳೀಲಿಲ್ಲ. ನನಗ ಆ ಮನಿಗೆ ಹೋಗೂದೈತಿ ತಂಗಿ. ನೀ ಯಾಕ ಕುಂತಿ? ಎದ್ದ ಹೋಗು.’ ಅವಳ ದನಿಯಲ್ಲಿ ಕರುಣೆ ಉಳಿದಿರಲಿಲ್ಲ.

ಮಗಳು ಬಂದಳು. ನಾನು ಎದ್ದೆ. ಗೇಟಿನಲ್ಲಿ ಅವನು ನಿಂತಿದ್ದ, ಕೈಯಲ್ಲಿ ಧೂಳು ಹತ್ತಿದ ನನ್ನ ಪುಸ್ತಕ.

‘ಹೊಂಟ್ರೇನ ಅಕ್ಕಾರ? ನೀವ ಪುಸ್ತಕ ಅಲ್ಲೇ ಬಿಟ್ಟ ಬಂದ್ರಿ. ನಾ ಚಹಾಕ್ಕ ಹೋದಾವ ಒಂದ ಎತ್ತಿಕೊಂಡ ಬಂದೆ.’ ಹಿಂಬದಿಯ ರಟ್ಟನ್ನು ತಿರುಗಿಸಿ ಬೆರಳಿಟ್ಟ. ಸ್ವಂತ ಪ್ರಕಟಣೆಯವರು ಎಲ್ಲರೂ ಮಾಡುವ ಹಾಗೆ, ಪ್ರತಿಗಳಿಗಾಗಿ ಸಂಪರ್ಕಿಸಿ ಎಂದು ಅಲ್ಲಿ ನಮ್ಮ ಓಣಿ, ಮನೆಯ ಗುರುತು ಎಲ್ಲ ಅಚ್ಚಾಗಿತ್ತು. ‘ಮುಂದಿಂದು ಬರದ್ರ ನಾನ ಬಂದ ಒಯ್ತೀನಿ. ನಮ್ಮ ಅತ್ತಿಗಿಗೆ ಓದಾಕ ಬರಂಗಿಲ್ಲ. ನನಗ ಬರತೈತಿ.’

ಅಂಗಡಿಗಳಲ್ಲಿ ಉಳಿದಿದ್ದ ಪ್ರತಿಗಳನ್ನು ವಾಪಸು ತಂದು, ಒಂದೊಂದರ ಹಿಂಬದಿಯ ವಿಳಾಸದ ಮೇಲೂ ಬಿಳಿ ಕಾಗದ ಅಂಟಿಸಿದ್ದೇನೆ. ಅವು ಈಗ ಹಿಂದಿನ ಕೋಣೆಯಲ್ಲಿವೆ. ಮಾರಿಹೋದವನ್ನು ವಾಪಸು ಕೇಳುವ ಹಾಗಿಲ್ಲ. ಹೊರಗೆ ಯಾರಾದರೂ ‘ಅಕ್ಕಾರ’ ಎಂದು ಕೂಗಿದರೆ ಮೊದಲು ತಾಯಿಯನ್ನು ಕಳಿಸುತ್ತೇನೆ.