ಕಮಲಾಪುರದ ಹೊಲಿಯದ ಖಣಗಳು

ಭಾನುವಾರ ಬೆಳಿಗ್ಗೆ ಕಲಬುರಗಿ ನಿಲ್ದಾಣದಲ್ಲಿ ಹುಮನಾಬಾದ್ ಬಸ್ಸು ಹತ್ತಿದೆ. ಚೀಲದಲ್ಲಿ ಮಾದರಿಗೆಂದು ಹಿಂದಿನ ದಿನ ಬಜಾರದಲ್ಲಿ ಕೊಂಡ ಒಂದು ಕೆಂಪು ಖಣವಿತ್ತು. ಕಮಲಾಪುರದಲ್ಲಿ ಅಕ್ಕ ಕಾಶಿಬಾಯಿಯ ಮಗಳು ರೂಪಾಳಿಗೆ ಏಳು ತಿಂಗಳು. ಮುಂದಿನ ವಾರ ಕುಬಸದ ಕಾರ್ಯ, ಅಂದರೆ ಸೀಮಂತ. ಬಂದ ಹೆಂಗಸರಿಗೆಲ್ಲ ಉಡಿ ತುಂಬಿ ಕುಪ್ಪಸದ ಖಣ ಕೊಡಬೇಕು. ಹೊಸವನ್ನೇ ತರುತ್ತೇನೆ ಎಂದು ಅಕ್ಕ, ಮನೆಯ ಟ್ರಂಕಿನ ತುಂಬ ಬಂದ ಖಣಗಳಿರುವಾಗ ಹೊಸವು ತಂದರೆ ಕುಬಸಕ್ಕೇ ಕೂರುವುದಿಲ್ಲ ಎಂದು ರೂಪಾ. ತಾಯಿ ಮಗಳ ನಡುವೆ ಮಾತೇ ನಿಂತಿತ್ತು.

ಇದರಲ್ಲಿ ನಾನು ಸಿಕ್ಕಿಬಿದ್ದದ್ದು ನನ್ನ ಹೊಸ ವಿದ್ಯೆಯಿಂದ. ಒಂದು ವಸ್ತು ಹುಟ್ಟಿದಂದಿನಿಂದ ತಿಪ್ಪೆ ಸೇರುವತನಕ ನೆಲ, ನೀರು, ಗಾಳಿಯ ಮೇಲೆ ಎಷ್ಟು ಹೊರೆ ಹೊರಿಸುತ್ತದೆ ಎಂದು ಅಳೆಯುವ ತರಬೇತಿ ಮುಗಿಸಿ, ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತಿದ್ದೆ. "ಅಳತಿ ಮಾಡಿ ನೀನೇ ಹೇಳು ಸಣ್ಣವ್ವ, ನೀ ಅಂದಂಗ ಕೇಳ್ತೀವಿ" ಎಂದು ರೂಪಾ ಫೋನು ಮಾಡಿದ್ದಳು.

ಹೆಂಗಸರಿಗೆ ಬಸ್ಸು ಪುಕ್ಕಟೆ. ಕಂಡಕ್ಟರ್ ಕೊಟ್ಟ ಚೀಟಿಯಲ್ಲಿ ಸೊನ್ನೆ, ಬಸ್ಸಿನ ಹಿಂದೆ ಕರೀ ಹೊಗೆ. ಈ ಹೊಗೆಯನ್ನು ಯಾರ ಲೆಕ್ಕಕ್ಕೆ ಹಚ್ಚಲಿ ಎಂದು ನನ್ನ ತಲೆ ಅಲ್ಲಿಂದಲೇ ಕೆಡತೊಡಗಿತು. ಮೂವತ್ತು ಚಿಲ್ಲರೆ ಕಿಲೋಮೀಟರ್ ದಾರಿಯ ಎರಡೂ ಬದಿ ತೊಗರಿ ಹೂ ಬಿಟ್ಟಿತ್ತು. ಇಳಿದು ಊರಿನ ಕೆಂಬಾಳೆಯ ಹಣ್ಣು ಒಂದು ಚಿಪ್ಪು ಕೊಂಡೆ.

ರೊಟ್ಟಿ, ಪುಂಡಿಪಲ್ಯ ಉಂಡ ಮೇಲೆ ಖಣ ಬಿಚ್ಚಿ ಶುರುಮಾಡಿದೆ. ಹತ್ತಿಯ ಹೊಲ, ನೀರು, ಗಿರಣಿ, ಬಣ್ಣ, ಲಾರಿ. "ಇವೆಲ್ಲ ಕೂಡಿಸಿ, ಎಷ್ಟು ಸಲ ತೊಟ್ಟರೋ ಅದರಿಂದ ಭಾಗಿಸಬೇಕು" ಎಂದೆ.

"ತೊಡೋದು?" ಅಕ್ಕ ನಕ್ಕಳು. "ಬಂದ ಖಣ ಯಾವ ಮನ್ಯಾಗ ಹೊಲಿಸ್ತಾರವ್ವ? ಇಲ್ಲಿ ಬಂದದ್ದು ಅಲ್ಲಿ, ಅಲ್ಲಿ ಬಂದದ್ದು ಇಲ್ಲಿ."

ನಾನು ಕಕ್ಕಾಬಿಕ್ಕಿಯಾದೆ. ತೊಡುವುದೇ ಬಳಕೆ ಎಂದರೆ ಸೊನ್ನೆಯಿಂದ ಭಾಗಿಸುವುದು ಹೇಗೆ? ಕೊಡುವುದೇ ಬಳಕೆ ಎಂದರೆ ಇದರಷ್ಟು ದುಡಿಯುವ ಬಟ್ಟೆ ಜಗತ್ತಿನಲ್ಲೇ ಇಲ್ಲ.

"ಹಂಗಿದ್ರ ಹೊಸಾವ ಯಾಕ ಬೇಕು?" ಎಂದಳು ರೂಪಾ.

ಅಕ್ಕನ ಮುಖ ಸಣ್ಣದಾಯಿತು. "ಹೋದ ವರ್ಷ ಓಣ್ಯಾಗ ಒಬ್ಬಾಕಿಗೆ ಆಕಿ ಕೊಟ್ಟದ್ದೇ ಹೊಳ್ಳಿ ಕೊಟ್ಟೆ. ಇನ್ನೂ ಎಲ್ಲಾರ ಮುಂದ ಹೇಳ್ಕೋತ ನಗ್ತಾಳ. ಮಾನ ಹೋಗ್ತದವ್ವ."

"ಇಷ್ಟೇ ಏನು? ಯಾವುದು ಯಾರು ಕೊಟ್ಟದ್ದಂತ ನೆನಸಿ ಬ್ಯಾರೆ ಬ್ಯಾರೆ ಹಚ್ಚೂಣು ಬಾ" ಎಂದಳು ರೂಪಾ.

ಟ್ರಂಕು ಬಂತು. ಅಕ್ಕ ಒಂದೊಂದೇ ಎತ್ತಿ ಹೇಳಿದಳು: ಇದು ಬೀಗತಿ ಕೊಟ್ಟದ್ದು, ಆಕೆಯ ಕಡೆಯವರಿಗೆ ಬೇಡ, ಇದು ಟೀಚರಮ್ಮನದು, ಓಣಿಯವರಿಗೆ ನಡೆದೀತು. ರೂಪಾ ರಾಶಿ ಮಾಡುತ್ತ ಹೋದಳು. ತಾಯಿ ಮಗಳು ಮತ್ತೆ ಮಾತಿಗೆ ಬಿದ್ದರಲ್ಲ ಎಂದು ನನಗೆ ಖುಷಿಯಾಯಿತು.

ತಳದಲ್ಲಿ ಒಂದು ಹಸಿರು ಖಣ ಇತ್ತು, ಮಡಿಕೆಯಲ್ಲಿ ಬಣ್ಣ ಮಾಸಿತ್ತು. ರೂಪಾ ಅದನ್ನೂ ರಾಶಿಗೆ ಹಾಕಿದಳು. ಅಕ್ಕ ಥಟ್ಟನೆ ಕಿತ್ತುಕೊಂಡಳು.

"ಇದು ತಿರಗೂದಲ್ಲ. ನಿಮ್ಮಜ್ಜಿ ನನ್ನ ಕುಬಸದಾಗ ಉಡ್ಯಾಗ ಹಾಕಿದ್ದು. ಆಗ ನೀ ಹೊಟ್ಯಾಗಿದ್ದಿ."

ಅವ್ವ ಹೋಗಿ ಬಹಳ ದಿನವಾಗಿದೆ.

"ಮತ್ತ ಹೊಲಿಸಿ ತೊಡಲಿಲ್ಲ ಯಾಕ?" ರೂಪಾಳ ದನಿ ಇಳಿದಿತ್ತು.

"ತೊಟ್ಟಿದ್ರ ಹರದು ಹೋಗ್ತಿತ್ತಲ್ಲ."

ಅಕ್ಕ ಹಸಿರು ಖಣವನ್ನು ಮತ್ತೆ ಮಡಿಚಿ ತೊಡೆಯ ಮೇಲಿಟ್ಟುಕೊಂಡಳು. ರೂಪಾ ನನ್ನ ಮಾದರಿಯ ಕೆಂಪು ಖಣವನ್ನು ತೆಗೆದು ತಾಯಿಯ ಕೈಗಿಟ್ಟಳು. "ಮಂದಿಗೆ ಟ್ರಂಕಿನವೇ ಕೊಡವ್ವ. ನನ್ನ ಉಡ್ಯಾಗ ಮಾತ್ರ ಇದನ್ನ ಹಾಕು."

"ಹೊಸಾದು ಬ್ಯಾಡಂದಿ?"

"ಇದೊಂದು ಇರ್ಲಿ. ನಾನೂ ಹೊಲಿಸಂಗಿಲ್ಲ."

ಸಂಜೆಯ ಬಸ್ಸಿನಲ್ಲಿ ಮತ್ತೆ ಸೊನ್ನೆಯ ಚೀಟಿ. ಹಟಮಾರಿ ಹುಡುಗಿ ನಿಲ್ದಾಣದತನಕ ಬಂದಿದ್ದಳು. ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು ಇನ್ನೊಂದನ್ನು ಬೀಸುತ್ತಿದ್ದಳು. ಸೋಮವಾರ ತರಗತಿಯಲ್ಲಿ ಯಾವುದರಿಂದ ಭಾಗಿಸಿ ಎಂದು ಹೇಳಲಿ? ಕಲಬುರಗಿ ಬಂದರೂ ಹೊಳೆಯಲಿಲ್ಲ. ಮನೆಗೆ ಹೋದವಳೇ ನನ್ನ ಟ್ರಂಕನ್ನು ತೆರೆದು, ಅವ್ವ ನನ್ನ ಉಡಿಯಲ್ಲಿ ಹಾಕಿದ್ದ ಖಣವನ್ನು ಹುಡುಕತೊಡಗಿದೆ. ಸಿಗಲಿಲ್ಲ. ಯಾರಿಗೋ ಕೊಟ್ಟುಬಿಟ್ಟಿದ್ದೆ.